ಮೇಪಲ್ ಬುಡಕ್ಕೆ ಹೊಡೆದ ಗೊಬ್ಬರದ ಗೂಟ: ಹಳದಿ ಎಲೆಗೆ ಹಸಿವೇ ಕಾರಣವೇ?

ಪ್ರಶ್ನೆ: ನಮಸ್ಕಾರ ಸರ್. ನಾವಿರುವುದು ಅಮೆರಿಕದ ಮಿನೆಸೋಟದಲ್ಲಿ, ಮಿನಿಯಾಪೊಲಿಸ್ ಪಕ್ಕದ ಹೊಸ ಬಡಾವಣೆಯೊಂದರಲ್ಲಿ. ಮನೆ ಮುಂದೆ ಬಿಲ್ಡರ್ ನೆಡಿಸಿದ ಏಳು ವರ್ಷದ ‘ಆಟಮ್ ಬ್ಲೇಜ್’ ಮೇಪಲ್ ಇದೆ. ಕೊಂಬೆಗಳ ಹರವು ಸುಮಾರು 12 ಅಡಿ. ಹಿತ್ತಲಲ್ಲಿ ನಾವೇ ನೆಟ್ಟ ನಾಲ್ಕು ವರ್ಷದ ಹನಿಕ್ರಿಸ್ಪ್ ಸೇಬಿನ ಗಿಡವಿದೆ. ಹೋದ ಜುಲೈನಲ್ಲಿ ಮೇಪಲ್‌ನ ಎಲೆಗಳೆಲ್ಲ ಹಳದಿಯಾದವು, ನರಗಳು ಮಾತ್ರ ಹಸಿರು. ಪಕ್ಕದ ಮನೆಯವರು ‘ಮರಕ್ಕೆ ಆಹಾರ ಸಾಲದು, ಚಳಿಗಾಲಕ್ಕೆ ಮುಂಚೆ ಗೊಬ್ಬರದ ಸ್ಪೈಕ್ (ಗೊಬ್ಬರ ಒತ್ತಿ ಮಾಡಿದ ಗೂಟ) ಹೊಡೆಯಿರಿ’ ಎಂದರು. ಅಕ್ಟೋಬರ್‌ನಲ್ಲಿ ಅಂಗಡಿಯಿಂದ 16-4-4 ಎಂದು (ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ ಪ್ರಮಾಣ) ಬರೆದಿದ್ದ ಡಬ್ಬ ತಂದು (ನಾಲ್ಕು ಪೌಂಡು, 15 ಸ್ಪೈಕ್), ಬುಡದಿಂದ ಒಂದಡಿ ಬಿಟ್ಟು ಸುತ್ತಲೂ ಆರು ಹೊಡೆದೆ. ಈಗ ಜೂನ್. ಡ್ರೈವ್‌ವೇ ಕಡೆಯ ಕೊಂಬೆಗಳ ತುದಿ ಒಣಗಿದೆ, ಉಳಿದ ಕಡೆ ಎಲೆ ಮತ್ತೆ ಹಳದಿ. ಸ್ಪೈಕ್ ಹೊಡೆದು ನಾನೇ ಮರ ಸುಟ್ಟೆನೇ? ಅವನ್ನು ಕಿತ್ತು ತೆಗೆಯಬೇಕೇ? ಸೇಬಿನ ಎಲೆಯೂ ಅಲ್ಲಲ್ಲಿ ಹಳದಿ, ಇನ್ನೂ ಒಂದು ಹೂವೂ ಬಿಟ್ಟಿಲ್ಲ. ಅದಕ್ಕೆಂದು ಹಣ್ಣಿನ ಗಿಡದ ಸ್ಪೈಕ್ ತಂದಿಟ್ಟಿದ್ದೇನೆ. ತೀರ್ಥಹಳ್ಳಿಯಲ್ಲಿ ಅಡಿಕೆ ತೋಟ ನೋಡಿಕೊಳ್ಳುವ ಅಪ್ಪ ‘ಮಳೆಗಾಲಕ್ಕೆ ಮುಂಚೆ ಒಂದು ಸಲ, ಮಳೆ ಕಳೆದ ಮೇಲೆ ಒಂದು ಸಲ ಬುಡಕ್ಕೆ ಕೊಟ್ಟರಾಯಿತು, ಅದಕ್ಯಾಕೆ ಇಷ್ಟು ತಲೆಬಿಸಿ’ ಎನ್ನುತ್ತಾರೆ.

ಉತ್ತರ: ನಿಮ್ಮ ದೊಡ್ಡ ಆತಂಕದಿಂದಲೇ ಶುರು ಮಾಡೋಣ. ಆರು ಸ್ಪೈಕಿಗೆ ಏಳು ವರ್ಷದ ಮೇಪಲ್ ಸಾಯುವುದಿಲ್ಲ. ಒಂದೊಂದು ಗೂಟದ ಸುತ್ತ ಅಂಗೈಯಗಲದ ಜಾಗದಲ್ಲಿ ಸಣ್ಣ ಬೇರುಗಳು ಸುಟ್ಟಿರಬಹುದು, ಅಷ್ಟೇ. ನೀವು ಹೊಡೆದದ್ದು ಸುತ್ತಲೂ, ಒಣಗಿದ್ದು ಒಂದೇ ಕಡೆ. ಗೊಬ್ಬರವೇ ಕಾರಣವಾಗಿದ್ದರೆ ಮರದ ಎಲ್ಲ ಮಗ್ಗುಲಲ್ಲೂ ಅದರ ಗುರುತು ಸಿಗಬೇಕಿತ್ತು. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದ ಪದ ‘ಡ್ರೈವ್‌ವೇ’. ಐದು ತಿಂಗಳು ಹಿಮ ತಳ್ಳಿ ಎಲ್ಲಿ ರಾಶಿ ಹಾಕುತ್ತೀರಿ? ಈ ಊರಿನ ಮನೆಗಳಲ್ಲಿ ಆ ರಾಶಿ ಬೀಳುವುದು ಮುಂದಿನ ಮರದ ಬುಡಕ್ಕೇ. ಮಂಜು ಕರಗಲೆಂದು ಕಾಂಕ್ರೀಟಿನ ಮೇಲೆ ಚೆಲ್ಲಿದ ಉಪ್ಪು ಅದರ ಜೊತೆಗೇ ಹೋಗಿ, ಏಪ್ರಿಲ್‌ನಲ್ಲಿ ಹಿಮ ಕರಗಿದಾಗ ಬೇರಿಗೆ ಇಳಿಯುತ್ತದೆ. ತುದಿಯಿಂದ ಹಿಂದಕ್ಕೆ ಒಣಗುತ್ತಾ ಬರುವುದು, ಅದೂ ರಸ್ತೆ ಅಥವಾ ಡ್ರೈವ್‌ವೇ ಕಡೆಗೆ ಮಾತ್ರ, ಉಪ್ಪಿನ ಹೊಡೆತದ ಗುರುತು. ನೋಡದೆ ಖಚಿತವಾಗಿ ಹೇಳಲಾರೆ. ಆದರೆ ನನ್ನ ಅನುಮಾನ ಅತ್ತ ಕಡೆಗೇ ಹೆಚ್ಚು.

ಹಾಗಂತ ಸ್ಪೈಕ್ ನಿರಪರಾಧಿ ಎಂದೂ ಅಲ್ಲ. ರಸಗೊಬ್ಬರ ಕೂಡ ರಸಾಯನಶಾಸ್ತ್ರದ ಲೆಕ್ಕದಲ್ಲಿ ಉಪ್ಪೇ. ಒಂದು ಜಾಗದಲ್ಲಿ ಅದರ ಸಾಂದ್ರತೆ ಹೆಚ್ಚಾದರೆ ಬೇರು ಮಣ್ಣಿನಿಂದ ನೀರು ಎಳೆದುಕೊಳ್ಳಲಾಗದೆ ತಾನೇ ನೀರು ಕಳೆದುಕೊಳ್ಳುತ್ತದೆ. ಈಗಾಗಲೇ ಉಪ್ಪು ತಿಂದ ಮಣ್ಣಿಗೆ ನೀವು ಇನ್ನಷ್ಟು ಸೇರಿಸಿದಂತಾಯಿತು.

ಆ ಡಬ್ಬದ ಲೆಕ್ಕವನ್ನೇ ಬಿಡಿಸಿ ನೋಡಿ. ನಾಲ್ಕು ಪೌಂಡು ಎಂದರೆ ಸುಮಾರು 1800 ಗ್ರಾಂ. 15 ಸ್ಪೈಕಿಗೆ ಹಂಚಿದರೆ ಒಂದಕ್ಕೆ 120 ಗ್ರಾಂ. ಅದರಲ್ಲಿ ಶೇ. 16 ಸಾರಜನಕ, ಅಂದರೆ 19 ಗ್ರಾಂ. ಆರಕ್ಕೆ ಸುಮಾರು 115 ಗ್ರಾಂ. ಮರಗಳಿಗೆ ಹಿತಮಿತವಾದ ಪ್ರಮಾಣ ಸಾವಿರ ಚದರ ಅಡಿಗೆ ಒಂದು ಪೌಂಡು ಸಾರಜನಕ, ಚದರ ಮೀಟರಿಗೆ ಐದು ಗ್ರಾಂ. ನಿಮ್ಮ ಮರದ ನೆರಳು ಬೀಳುವ ಜಾಗ ಹತ್ತು ಚದರ ಮೀಟರಿಗೆ ಸ್ವಲ್ಪ ಜಾಸ್ತಿ, ಅದಕ್ಕೆ 50 ಗ್ರಾಂ ಸಾಕಿತ್ತು. ಎರಡು ಪಟ್ಟು ಹೋಗಿದೆ, ಆದರೂ ಅದು ಭಯಪಡುವ ಪ್ರಮಾಣವಲ್ಲ. ಇದಕ್ಕಿಂತ ಹೆಚ್ಚು ಶಿಫಾರಸು ಮಾಡುವವರೂ ಇದ್ದಾರೆ. ತೊಂದರೆ ಇರುವುದು ಹಂಚಿಕೆಯಲ್ಲಿ. ಹತ್ತು ಚದರ ಮೀಟರಿಗೆ ಹರಡಬೇಕಾದದ್ದು ಆರು ತೂತುಗಳಲ್ಲಿ ಕುಳಿತಿದೆ. ಗೊಬ್ಬರ ಮಣ್ಣಿನಲ್ಲಿ ಅಡ್ಡಡ್ಡ ಹೆಚ್ಚು ಸಾಗುವುದಿಲ್ಲ. ಕರಗಿದ ನೈಟ್ರೇಟ್ ನೀರಿನ ಜೊತೆ ಕೆಳಗಿಳಿಯುತ್ತದೆ, ರಂಜಕವಂತೂ ಬಿದ್ದ ಜಾಗ ಬಿಟ್ಟು ಕದಲುವುದೇ ಇಲ್ಲ ಎನ್ನಬಹುದು. ಗೂಟದ ಬಳಿ ಅಜೀರ್ಣ, ಎರಡಡಿ ಆಚೆಗೆ ಉಪವಾಸ.

ಇನ್ನು ಬುಡದಿಂದ ಒಂದಡಿ. ಇಲ್ಲಿ ನಿಮ್ಮ ತಂದೆಯವರ ಮಾತಿಗೆ ಬರುತ್ತೇನೆ. ಅಡಿಕೆಗೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅಡಿಕೆಯದು ತಾಯಿಬೇರಿಲ್ಲದ ಜಡೆಬೇರು, ಅದರ ಬಹುಪಾಲು ಬುಡದ ಸುತ್ತ ಒಂದು ಮೀಟರಿನೊಳಗೇ ಇರುತ್ತದೆ. ವರ್ಷಕ್ಕೆ ಮರಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸನ್ನು ಮಳೆಗಾಲಕ್ಕೆ ಮುಂಚೆ ಒಂದು ಕಂತು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಂದು ಕಂತಾಗಿ ಕೊಡುವುದು ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಅಕ್ಟೋಬರ್‌ನ ಮಣ್ಣು ಬೆಚ್ಚಗೂ ಇರುತ್ತದೆ, ಹಸಿಯಾಗಿಯೂ ಇರುತ್ತದೆ. ಮರ ವರ್ಷವಿಡೀ ಬೆಳೆಯುತ್ತಿರುತ್ತದೆ. ಮೇಪಲ್‌ನ ಕಥೆಯೇ ಬೇರೆ. ಬುಡದ ಹತ್ತಿರ ಇರುವುದು ಮರವನ್ನು ಹಿಡಿದು ನಿಲ್ಲಿಸುವ ದಪ್ಪ ಬೇರುಗಳು, ಅವು ಏನನ್ನೂ ಹೀರುವುದಿಲ್ಲ. ಹೀರುವ ಕೂದಲುಬೇರುಗಳು ಕೊಂಬೆಗಳ ನೆರಳಿನ ಅಂಚಿನಿಂದಾಚೆಗೂ, ಹರವಿನ ಎರಡು ಮೂರು ಪಟ್ಟು ದೂರದವರೆಗೂ, ಹುಲ್ಲಿನ ಬೇರಿನ ಜೊತೆಗೇ ಮೇಲಿನ ಒಂದು ಒಂದೂವರೆ ಅಡಿ ಮಣ್ಣಿನಲ್ಲಿ ಹರಡಿರುತ್ತವೆ. ‘ಮರದ ಬೇರು ಆಳದಲ್ಲಿದೆ, ಆಳಕ್ಕೆ ಗೂಟ ಹೊಡೆದರೇ ತಲುಪುವುದು’ ಎಂಬ ಜಾಹೀರಾತಿನ ಮಾತಿಗೆ ಬುಡವೇ ಇಲ್ಲ. ನಿಮ್ಮ ಲಾನ್‌ಗೆ ಗೊಬ್ಬರ ಹಾಕುತ್ತಿದ್ದರೆ ಮರ ಅದರಲ್ಲಿ ಪಾಲು ತಿನ್ನುತ್ತಲೇ ಇದೆ.

ಇಂಥ ಗೂಟಗಳ ‘ನಿಧಾನಕ್ಕೆ ಬಿಡುಗಡೆ’ಯ ಗುಣ ಚಳಿ ನಾಡಿನಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಇಂಥ ಗೊಬ್ಬರಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಯೂರಿಯಾ-ಫಾರ್ಮಾಲ್ಡಿಹೈಡ್. ಅದನ್ನು ಒಡೆದು ಬೇರಿಗೆ ಸಿಗುವಂತೆ ಮಾಡುವುದು ಮಣ್ಣಿನ ಸೂಕ್ಷ್ಮಜೀವಿಗಳು. ಮಣ್ಣಿನ ಉಷ್ಣಾಂಶ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅವುಗಳ ಕೆಲಸ ತೀರಾ ಮಂದವಾಗುತ್ತದೆ. ನಿಮ್ಮ ಊರಲ್ಲಿ ಅಕ್ಟೋಬರ್ ಕೊನೆಗೆ ಮಣ್ಣು ಆ ಗಡಿ ದಾಟಿರುತ್ತದೆ, ಡಿಸೆಂಬರ್‌ಗೆ ಗಡ್ಡೆಕಟ್ಟುತ್ತದೆ. ಮಿನೆಸೋಟದ ಕಟ್ಟಡ ನಿಯಮದಲ್ಲಿ ತಳಪಾಯ ದಕ್ಷಿಣ ಭಾಗದಲ್ಲಿ 42 ಇಂಚು, ಉತ್ತರದಲ್ಲಿ 60 ಇಂಚು ಆಳ ಹೋಗಬೇಕೆಂದು ಇರುವುದು ಸುಮ್ಮನೆ ಅಲ್ಲ, ಹಿಮಗಟ್ಟುವಿಕೆ ಅಷ್ಟು ಕೆಳಗೆ ಇಳಿಯಬಲ್ಲದು. ನೀವು ಹೊಡೆದ ಗೂಟದಲ್ಲಿ ಕೂಡಲೇ ಕರಗುವ ಒಂದು ಪಾಲೂ ಇರುತ್ತದೆ. ಅದು ಬೇರು ಹೀರುವ ಮೊದಲೇ ಹಿಮ ಕರಗಿದ ನೀರಿನ ಜೊತೆ ಇಳಿದುಹೋಗಬಹುದು. ನಿಧಾನದ ಪಾಲು ಮೇ ತನಕ ಹಾಗೇ ಕೂತಿರುತ್ತದೆ.

ಇದರಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಮೇಪಲ್ ಮೇ ತಿಂಗಳಲ್ಲಿ ಒಮ್ಮೆಗೇ ಚಿಗುರುವುದು ಬಹುಪಾಲು ಹಿಂದಿನ ವರ್ಷ ತೊಗಟೆ, ರೆಂಬೆ, ಬೇರುಗಳಲ್ಲಿ ಕೂಡಿಟ್ಟ ಸಾರಜನಕದಿಂದ. ಆ ವರ್ಷ ಮಣ್ಣಿಗೆ ಹಾಕಿದ್ದು ಚಿಗುರಿಗೆ ಬರುವುದು ತಡವಾಗಿ. ಅದಕ್ಕೇ ಗೊಬ್ಬರ ಹಾಕಿ ಎರಡು ವಾರದಲ್ಲಿ ಎಲೆಯ ಬಣ್ಣ ನೋಡುತ್ತಾ ಕೂರುವುದು ವ್ಯರ್ಥ.

‘ಶರತ್ಕಾಲದಲ್ಲಿ ಗೊಬ್ಬರ ಹಾಕಿದರೆ ಮರ ಚಳಿಯಲ್ಲಿ ಸಾಯುತ್ತದೆ’ ಎಂಬ ಹೆದರಿಕೆಯನ್ನೂ ನೀವು ಕೇಳಿರುತ್ತೀರಿ. ಅರ್ಧ ನಿಜ. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸಾರಜನಕ ಕೊಟ್ಟರೆ ಎಳೆಯ ಮರ ಮತ್ತೆ ಚಿಗುರಿ, ಆ ರೆಂಬೆ ಗಟ್ಟಿಯಾಗುವ ಮೊದಲೇ ಹಿಮ ಬೀಳುತ್ತದೆ. ಹಗಲು ಕಿರಿದಾಗುತ್ತಾ ಬರುವುದನ್ನು ಗ್ರಹಿಸಿ ಮರ ಬೆಳವಣಿಗೆ ನಿಲ್ಲಿಸುತ್ತದೆ. ನಂತರದ ತಣ್ಣನೆಯ ರಾತ್ರಿಗಳು ಅದನ್ನು ಇನ್ನಷ್ಟು ಹದಗೊಳಿಸುತ್ತವೆ. ಮೈನಸ್ 30 ಸೆಲ್ಸಿಯಸ್ ಹತ್ತಿರ ಹೋಗುವ ಊರಿನಲ್ಲಿ ಈ ತಯಾರಿಗೆ ಅಡ್ಡಿ ಮಾಡುವುದು ದುಬಾರಿ. ಆದರೆ ಎಲೆ ಉದುರಿದ ಮೇಲೆ ಹಾಕಿದ ಗೊಬ್ಬರಕ್ಕೆ ಮರ ಚಿಗುರುವುದಿಲ್ಲ. ಅಕ್ಟೋಬರ್‌ನಲ್ಲಿ ಹಾಕಿದ್ದರಿಂದ ನಿಮಗಾದದ್ದು ಮುಖ್ಯವಾಗಿ ದುಡ್ಡಿನ ಮತ್ತು ಗೊಬ್ಬರದ ಪೋಲು.

ಈಗ ಅಸಲು ವಿಷಯ, ಹಳದಿ ಎಲೆ. ಸಾರಜನಕ ಕಡಿಮೆಯಾದರೆ ಇಡೀ ಎಲೆ ಸಮವಾಗಿ ಬಿಳಚಿಕೊಳ್ಳುತ್ತದೆ, ಹಳೆಯ ಎಲೆಗಳಿಂದ ಶುರುವಾಗುತ್ತದೆ. ನಿಮ್ಮದು ಹಾಗಲ್ಲ, ನರ ಹಸಿರು, ನಡುವಿನ ಜಾಗ ಹಳದಿ. ಇದು ಕಬ್ಬಿಣ ಅಥವಾ ಮ್ಯಾಂಗನೀಸ್ ಸಿಗದ ಲಕ್ಷಣ. ‘ಇಲ್ಲದ’ ಅನ್ನಲಿಲ್ಲ, ‘ಸಿಗದ’ ಎಂದೆ: ಮಣ್ಣಿನಲ್ಲಿ ಎರಡೂ ಇರುತ್ತವೆ, ಆದರೆ ಮಣ್ಣು ಕ್ಷಾರವಾಗಿದ್ದರೆ, ಪಿಎಚ್ 7ರ ಮೇಲಿದ್ದರೆ, ಬೇರಿಗೆ ಕರಗಿ ಬರುವುದಿಲ್ಲ. ಮಲೆನಾಡಿನ ಹುಳಿಮಣ್ಣಿನಲ್ಲಿ ಬೆಳೆದವರಿಗೆ ಈ ಸಮಸ್ಯೆ ಹೊಸದು, ಅಲ್ಲಿ ನಾವು ಸುಣ್ಣ ಹಾಕಿ ಹುಳಿ ತಗ್ಗಿಸುವವರು. ನಿಮ್ಮ ಬಡಾವಣೆಯಲ್ಲಿ ಆಗಿರುವುದೇನೆಂದರೆ, ಮನೆ ಕಟ್ಟುವಾಗ ಮೇಲ್ಮಣ್ಣು ಕೆರೆದು ಒಯ್ದಿರುತ್ತಾರೆ, ಕೆಳಗಿನ ಜೇಡಿಯ ಮೇಲೆ ಯಂತ್ರ ಓಡಿಸಿ ಗಟ್ಟಿ ಮಾಡಿರುತ್ತಾರೆ, ಕಾಂಕ್ರೀಟಿನ ಚೂರು ಅಲ್ಲೇ ಹೂತಿರುತ್ತದೆ. ಅದರ ಮೇಲೆ ನಾಲ್ಕಿಂಚು ಮಣ್ಣು, ಹುಲ್ಲಿನ ಚಾಪೆ, ಒಂದು ಆಟಮ್ ಬ್ಲೇಜ್. ಈ ಮರಕ್ಕೆ ಕ್ಷಾರ ಮಣ್ಣು ಒಗ್ಗುವುದಿಲ್ಲ. ಬೇಗ ಬೆಳೆಯುತ್ತದೆ, ಶರತ್ಕಾಲದಲ್ಲಿ ಕೆಂಪಾಗಿ ಹೊಳೆಯುತ್ತದೆ ಎಂದು ಬಿಲ್ಡರುಗಳಿಗೆ ಅದೇ ಬೇಕು. ಸಾರಜನಕದ ಗೂಟ ಎಷ್ಟು ಹೊಡೆದರೂ ಈ ಹಳದಿ ಹೋಗುವುದಿಲ್ಲ. ಬೆಳವಣಿಗೆ ಚುರುಕಾಗಿ ಕಬ್ಬಿಣದ ಬೇಡಿಕೆ ಹೆಚ್ಚಿ ಇನ್ನೂ ಹಳದಿಯಾದರೂ ಆಶ್ಚರ್ಯವಿಲ್ಲ.

ಇದನ್ನು ಮನೆಯಲ್ಲೇ ಮೊದಲ ಮಟ್ಟಿಗೆ ಪರೀಕ್ಷಿಸಬಹುದು. ಆರಿಂಚು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಒಣಗಿಸಿ, ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಚುರ್ ಎಂದು ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣವಿದೆ. ಅಂಥ ಮಣ್ಣನ್ನು ಗಂಧಕ ಹಾಕಿ ಹುಳಿ ಮಾಡಲು ಹೊರಟರೆ ಹಾಕಿದ್ದನ್ನೆಲ್ಲ ಸುಣ್ಣ ನುಂಗಿಬಿಡುತ್ತದೆ, ಆ ಖರ್ಚಿಗೆ ಇಳಿಯಬೇಡಿ. ನೊರೆ ಬರಲಿ ಬಿಡಲಿ, ಸೇಂಟ್ ಪಾಲ್‌ನಲ್ಲಿರುವ ಮಿನೆಸೋಟ ವಿಶ್ವವಿದ್ಯಾಲಯದ ಮಣ್ಣು ಪರೀಕ್ಷಾ ಲ್ಯಾಬಿಗೆ ಎರಡು ಮಾದರಿ ಕಳಿಸಿ: ಡ್ರೈವ್‌ವೇ ಕಡೆಯದು ಒಂದು, ಎದುರು ಕಡೆಯದು ಒಂದು. ಮಾಮೂಲಿ ಪರೀಕ್ಷೆಯ ಜೊತೆಗೆ ಕರಗುವ ಲವಣದ ಪರೀಕ್ಷೆಯನ್ನೂ ಕೇಳಿ. ಎರಡರ ಅಂಕಿ ಪಕ್ಕಪಕ್ಕ ಇಟ್ಟರೆ ಉಪ್ಪಿನ ಅನುಮಾನ ಬಗೆಹರಿಯುತ್ತದೆ.

ಲ್ಯಾಬಿನ ಉತ್ತರ ಬರುವ ತನಕ ಇನ್ನೆರಡು ವಿಷಯ ನೋಡಿ. ಬುಡದ ಹತ್ತಿರ ಮಂಡಿಯೂರಿ, ಮಣ್ಣು ಮತ್ತು ಮಲ್ಚನ್ನು (ನೆಲದ ಹೊದಿಕೆಯನ್ನು) ಕೈಯಿಂದ ಸರಿಸಿ. ಕಾಂಡ ನೆಲ ಸೇರುವಲ್ಲಿ ಅಗಲವಾಗಿ ಬೇರಾಗಿ ಕವಲೊಡೆಯಬೇಕು. ಕಂಬ ಹುಗಿದಂತೆ ನೆಟ್ಟಗೆ ಇಳಿದಿದ್ದರೆ ಮರವನ್ನು ಆಳಕ್ಕೆ ನೆಟ್ಟಿದ್ದಾರೆ. ಆಗ ಕಾಂಡಕ್ಕೆ ಸುತ್ತಿಕೊಂಡ ಬೇರು ಇದೆಯೇ ಹುಡುಕಿ. ಅದು ಕಾಂಡವನ್ನು ಒತ್ತುತ್ತಾ ಹೋದರೆ ಆ ಕಡೆಯ ಕೊಂಬೆ ಮೊದಲು ಸೊರಗುತ್ತದೆ. ಬಿಲ್ಡರ್ ನೆಡಿಸಿದ ಮರಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಯಾರೇ ಕರೆದರೂ ನಾನು ಎಲೆ ನೋಡುವ ಮೊದಲು ಬುಡ ಕೆದಕುತ್ತೇನೆ. ಎರಡನೆಯದು, ಒಣಗುತ್ತಿರುವ ಒಂದು ರೆಂಬೆಯನ್ನು ಹಸಿ ಇರುವ ಕಡೆ ಓರೆಯಾಗಿ ಕತ್ತರಿಸಿ. ತೊಗಟೆಯ ಕೆಳಗಿನ ಬಿಳಿ ಮರದಲ್ಲಿ ಪಾಚಿ ಬಣ್ಣದ ಗೆರೆಗಳು ಕಂಡರೆ ವರ್ಟಿಸಿಲಿಯಂ ಎಂಬ ಶಿಲೀಂಧ್ರ ರೋಗದ ಶಂಕೆ. ಅದಿದ್ದರೆ ಸಾರಜನಕ ಮುಟ್ಟಲೇಬಾರದು.

ಸ್ಪೈಕ್ ಕಿತ್ತು ತೆಗೆಯುವ ವಿಚಾರ. ಎಂಟು ತಿಂಗಳಾಗಿದೆ, ಬಹುಪಾಲು ಕರಗಿರುತ್ತದೆ. ಹೊಡೆದ ಜಾಗದಲ್ಲಿ ಹುಲ್ಲು ಕಡು ಹಸಿರಾಗಿಯೋ ಸುಟ್ಟೋ ಇರುತ್ತದೆ, ಆ ಗುರುತು ಹಿಡಿದು ಸಣ್ಣ ಕುರ್ಪಿಯಲ್ಲಿ ಕೆದಕಿ. ಉಂಡೆ ಸಿಕ್ಕರೆ ತೆಗೆದುಬಿಡಿ. ಅದಕ್ಕಾಗಿ ಅಗೆದು ಬೇರು ಕಡಿಯಬೇಡಿ. ಆಮೇಲೆ ಹೋಸ್ ಪೈಪನ್ನು ಸಣ್ಣದಾಗಿ ಬಿಟ್ಟು, ಡ್ರೈವ್‌ವೇ ಕಡೆ ಹೆಚ್ಚು ಹೊತ್ತು, ಒಂದಡಿ ಆಳ ನೆನೆಯುವಷ್ಟು ನೀರು ಕೊಡಿ. ಮೂರ್ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ಜೇಡಿಮಣ್ಣಾದ್ದರಿಂದ ನೀರು ನಿಲ್ಲುವಂತೆ ಮಾಡಬೇಡಿ, ಬೇರಿಗೆ ಉಸಿರು ಕಟ್ಟಿದರೆ ಹಳದಿ ಇನ್ನೂ ಹೆಚ್ಚುತ್ತದೆ.

ಹಳದಿಗೆ ಏನು ಮಾಡಬಹುದು? ಪಿಎಚ್ ಹೆಚ್ಚಿದೆ ಎಂದು ಲ್ಯಾಬ್ ಹೇಳಿದರೆ ಎಲೆಯ ಪರೀಕ್ಷೆಯನ್ನೂ ಮಾಡಿಸಿ, ಯಾಕೆಂದರೆ ಮೇಪಲ್‌ಗಳಲ್ಲಿ ಕೊರತೆ ಕಬ್ಬಿಣದ್ದಕ್ಕಿಂತ ಮ್ಯಾಂಗನೀಸಿನದ್ದೇ ಆಗಿರುವುದುಂಟು. ಮ್ಯಾಂಗನೀಸ್ ಬೇಕಾದ ಮರಕ್ಕೆ ಕಬ್ಬಿಣ ಸುರಿದರೆ ಕೊರತೆ ಇನ್ನಷ್ಟು ಬಿಗಡಾಯಿಸುತ್ತದೆ. ಕಬ್ಬಿಣವೇ ಎಂದಾದರೆ ಚೀಲೇಟ್ (ಕಬ್ಬಿಣ ಕರಗಿದ ರೂಪದಲ್ಲೇ ಉಳಿಯುವಂತೆ ಹಿಡಿದಿಡುವ ಸಂಯುಕ್ತ) ಕೊಳ್ಳುವಾಗ ಇಡಿಡಿಎಚ್‌ಎ ಎಂದು ಬರೆದಿರುವುದನ್ನೇ ನೋಡಿ ಕೊಳ್ಳಿ. ಅಗ್ಗದ ಇಡಿಟಿಎ ಕ್ಷಾರ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಇದನ್ನು ವಸಂತದಲ್ಲಿ ಮಣ್ಣಿಗೆ ಕೊಡಬೇಕು, ಹೆಚ್ಚುಕಡಿಮೆ ಪ್ರತಿ ವರ್ಷ. ಕಾಂಡಕ್ಕೆ ಚುಚ್ಚಿ ಕೊಡುವ ಔಷಧಿ ಬೇಗ ಕೆಲಸ ಮಾಡುತ್ತದೆ, ಒಂದರಿಂದ ಮೂರು ವರ್ಷ ಎಲೆ ಹಸಿರಾಗಿರುತ್ತದೆ. ಆದರೆ ಪ್ರತಿ ಸಲ ಮರಕ್ಕೆ ತೂತು ಬೀಳುತ್ತದೆ, ಆ ಗಾಯ ಮಾಯುವುದಿಲ್ಲ, ಮರ ಅದನ್ನು ಮುಚ್ಚಿಕೊಂಡು ಮುಂದೆ ಹೋಗುತ್ತದೆ ಅಷ್ಟೇ. ದುರ್ಬಲ ಮರಕ್ಕೆ ಪದೇ ಪದೇ ಮಾಡಿಸಲು ನನಗೆ ಮನಸ್ಸು ಬಾರದು. ಖರ್ಚಿಲ್ಲದ, ಅಪಾಯವಿಲ್ಲದ ದಾರಿ: ಬುಡದ ಸುತ್ತ ಆರಡಿ ತ್ರಿಜ್ಯದ ಹುಲ್ಲು ತೆಗೆದು ಮೂರ್ನಾಲ್ಕು ಇಂಚು ಮರದ ಚಕ್ಕೆ ಹರಡುವುದು, ಕಾಂಡಕ್ಕೆ ತಾಗದಂತೆ. ಅದು ಕೊಳೆತು ಮಣ್ಣು ಸಡಿಲವಾಗಲು ವರ್ಷಗಳು ಬೇಕು. ನಾಲ್ಕೈದು ವರ್ಷಗಳಲ್ಲಿ ಹಳದಿ ಹೋಗದೆ ಕೊಂಬೆಗಳು ಒಣಗುತ್ತಲೇ ಇದ್ದರೆ, ತೆಗೆದು ಅಲ್ಲಿಗೆ ಒಗ್ಗುವ ಮರ ನೆಡುವುದೇ ಜಾಣತನ. ಹ್ಯಾಕ್‌ಬೆರಿ, ಬರ್ ಓಕ್ ಎರಡೂ ಮಿನೆಸೋಟದವೇ, ಚಳಿಗೂ ಕ್ಷಾರಕ್ಕೂ ಜಗ್ಗುವುದಿಲ್ಲ.

ಸೇಬಿಗೆ ತಂದ ಸ್ಪೈಕನ್ನು ಅಂಗಡಿಗೆ ಹಿಂತಿರುಗಿಸಿ. ಹನಿಕ್ರಿಸ್ಪ್ ತಳಿಯದೇ ಒಂದು ಗುಣವಿದೆ: ಬೇಸಿಗೆಯ ನಡುವೆ ಎಲೆಗಳಲ್ಲಿ ಹಳದಿ ಮಚ್ಚೆ ಬರುತ್ತದೆ. ರೋಗವಲ್ಲ, ಹಸಿವೂ ಅಲ್ಲ. ಎಲೆ ತಯಾರಿಸಿದ ಪಿಷ್ಟ ಹೊರಗೆ ಸಾಗದೆ ಎಲೆಯಲ್ಲೇ ತುಂಬಿಕೊಳ್ಳುವುದರಿಂದ ಹೀಗಾಗುತ್ತದೆ. ಕಾಯಿ ಕಡಿಮೆ ಇರುವ ಗಿಡದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ, ನಿಮ್ಮದಂತೂ ಕಾಯಿಯೇ ಇಲ್ಲದ ಗಿಡ. ಈ ತಳಿಯನ್ನು 1991ರಲ್ಲಿ ಬಿಡುಗಡೆ ಮಾಡಿದ್ದು ಅದೇ ಮಿನೆಸೋಟ ವಿಶ್ವವಿದ್ಯಾಲಯ, ಚಳಿ ಅದಕ್ಕೆ ಹೊಸದಲ್ಲ. ಹೂ ಬಿಡದಿರುವುದಕ್ಕೆ ಮೊದಲು ವಯಸ್ಸು ನೋಡಿ: ಕುಬ್ಜ ಬೇರಿನ ಕಸಿಯಾದರೆ ಈ ಹೊತ್ತಿಗೆ ಹೂ ಕಾಣಬೇಕಿತ್ತು, ದೊಡ್ಡ ಮರವಾಗುವ ಬೇರಿನದಾದರೆ ಇನ್ನೂ ಕೆಲವು ವರ್ಷ ಕಾಯಬೇಕು. ಸಾರಜನಕ ಕೊಟ್ಟರೆ ಅದು ಹೂ ಮರೆತು ಸೊಪ್ಪು ಬೆಳೆಯುತ್ತದೆ. ರಸಭರಿತ ಎಳೆ ಚಿಗುರಿಗೆ ಫೈರ್ ಬ್ಲೈಟ್ ಬ್ಯಾಕ್ಟೀರಿಯಾ ಬಂದರೆ ಗಿಡವೇ ಹೋಗಬಹುದು. ಹಣ್ಣಿನ ಸ್ಪೈಕಿನಲ್ಲಿ ಪೊಟ್ಯಾಷ್ ಬೇರೆ ಹೆಚ್ಚಿರುತ್ತದೆ. ಅದು ಕ್ಯಾಲ್ಸಿಯಂ ಹಣ್ಣಿಗೆ ಹೋಗದಂತೆ ಅಡ್ಡ ನಿಲ್ಲುತ್ತದೆ, ಮುಂದೆ ಹಣ್ಣು ಬಂದಾಗ ಸಿಪ್ಪೆಯ ಕೆಳಗೆ ಕಂದು ಗುಳಿ ಬೀಳುತ್ತದೆ. ಹನಿಕ್ರಿಸ್ಪ್‌ಗೆ ಆ ಕಾಯಿಲೆ ಮೊದಲೇ ಜಾಸ್ತಿ. ಈ ವರ್ಷದ ಹೊಸ ರೆಂಬೆಗಳನ್ನು ಆಗಸ್ಟ್‌ನಲ್ಲಿ ಅಳೆದು ನೋಡಿ, ಒಂದಡಿಗಿಂತ ಹೆಚ್ಚು ಬೆಳೆದಿದ್ದರೆ ಗೊಬ್ಬರದ ಮಾತೇ ಬೇಡ. ಪಕ್ಕದಲ್ಲಿ ಬೇರೆ ತಳಿಯ ಸೇಬು ಇದೆಯೇ ಎಂಬುದನ್ನೂ ನೋಡಿಕೊಳ್ಳಿ, ಪರಕೀಯ ಪರಾಗ ಸಿಗದಿದ್ದರೆ ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ.

ಮಣ್ಣು ಪರೀಕ್ಷೆಯಲ್ಲಿ ನಿಜಕ್ಕೂ ಕೊರತೆ ಕಂಡರೆ? ಆಗಲೂ ನಾನು ಗೂಟ ಹಿಡಿಯುವುದಿಲ್ಲ. ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ, ನಿಧಾನಕ್ಕೆ ಕರಗುವ ಹರಳು ಗೊಬ್ಬರವನ್ನು ನೆರಳಿನ ಅಂಚಿನಿಂದ ಆಚೀಚೆ ನೆಲದ ಮೇಲೇ ತೆಳ್ಳಗೆ ಎರಚಿ ನೀರು ಹಾಯಿಸಿದರೆ ಮುಗಿಯಿತು. ಶೇ. 16ರ ಗೊಬ್ಬರವಾದರೆ ನಿಮ್ಮ ಮೇಪಲ್‌ಗೆ 320 ಗ್ರಾಂ ಸಾಕು, ಲಾನ್‌ಗೆ ಹಾಕಿದ್ದಿದ್ದರೆ ಅದೂ ಬೇಡ. ಕಳೆ ಕೊಲ್ಲುವ ಔಷಧಿ ಬೆರೆಸಿದ ಲಾನ್ ಗೊಬ್ಬರ ಮಾತ್ರ ಮರದ ಹತ್ತಿರ ತರಬೇಡಿ, ಅದರಲ್ಲಿ ಡೈಕ್ಯಾಂಬಾ ಎಂಬ ಕಳೆನಾಶಕ ಇದ್ದರೆ ಮರದ ಬೇರಿಗೂ ವಿಷವೇ. ಜೊತೆಗೆ ಮಿನೆಸೋಟದಲ್ಲಿ 2005ರಿಂದ ರಾಜ್ಯದಾದ್ಯಂತ, ಹೊಸ ಲಾನ್ ಅಥವಾ ಮಣ್ಣು ಪರೀಕ್ಷೆಯ ಆಧಾರವಿಲ್ಲದೆ ಲಾನ್‌ಗೆ ರಂಜಕದ ಗೊಬ್ಬರ ಹಾಕುವಂತಿಲ್ಲ; ಕೆರೆಗಳಲ್ಲಿ ಪಾಚಿ ಕಟ್ಟುವುದೇ ಕಾರಣ. ಚೀಲದ ನಡುವಿನ ಅಂಕಿ ಸೊನ್ನೆ ಇರಲಿ.

ಸ್ಪೈಕಿಗೆ ಜಾಗವೇ ಇಲ್ಲವೇ ಎಂದರೆ, ಇದೆ. ಎರಚಿದ್ದೆಲ್ಲ ಮಳೆಗೆ ಜಾರಿ ಹೋಗುವ ಇಳಿಜಾರಿನಲ್ಲಿ, ಎರಚಲು ಕೈಲಾಗದವರ ಮನೆಯಲ್ಲಿ ನಾನು ಬೇಡವೆನ್ನುವುದಿಲ್ಲ. ನೆಟ್ಟು ಒಂದು ವರ್ಷವಾಗದ ಗಿಡಕ್ಕೆ ಮಾತ್ರ ಬೇಡ. ಡಬ್ಬದಲ್ಲಿ ಹೇಳಿದ್ದರ ಅರ್ಧ, ನೆರಳಿನ ಅಂಚಿನಲ್ಲಿ, ಹಿಂದಿನ ದಿನ ನೀರು ಹಾಯಿಸಿದ ಮಣ್ಣಿಗೆ. ಒಣ ಜೇಡಿಗೆ ಸುತ್ತಿಗೆಯಲ್ಲಿ ಹೊಡೆದರೆ ಅದು ಮೇಲೆಯೇ ಪುಡಿಯಾಗುತ್ತದೆ. ಎಲುಬಿನ ಪುಡಿ ಬೆರೆಸಿದ ಸಾವಯವ ಸ್ಪೈಕಾದರೆ ನಾಯಿ ಅಗೆದು ತಿನ್ನುತ್ತದೆ, ಮನೆಯಲ್ಲಿ ನಾಯಿ ಇದ್ದರೆ ತರಬೇಡಿ. ಮತ್ತೆ, ಏನನ್ನೇ ನೆಲಕ್ಕೆ ಹೊಡೆಯುವ ಮುಂಚೆ 811ಕ್ಕೆ ಕರೆ ಮಾಡಿ ಕೇಬಲ್, ಗ್ಯಾಸ್ ಕೊಳವೆಗಳ ಗುರುತು ಹಾಕಿಸಿಕೊಳ್ಳಿ. ಲಾನಿನ ನೀರಿನ ಪೈಪು ಎಲ್ಲಿದೆ ಎಂದು ಅವರು ಹೇಳುವುದಿಲ್ಲ, ಅದನ್ನು ನೀವೇ ನೋಡಿಕೊಳ್ಳಬೇಕು.

ಒಣಗಿದ ತುದಿಗಳನ್ನು ಈಗಲೇ ಕತ್ತರಿಸಬೇಡಿ. ಉಗುರಿನಲ್ಲಿ ತೊಗಟೆ ಗೀರಿ ನೋಡಿ, ಒಳಗೆ ಹಸಿರಿದ್ದರೆ ಜುಲೈ ಮಧ್ಯದವರೆಗೆ ಬಿಡಿ, ತಡವಾಗಿ ಚಿಗುರುವುದುಂಟು. ಕಂದಾಗಿ ಒಣಗಿದ್ದರೆ ಹಸಿ ಭಾಗ ಸಿಗುವ ಕವಲಿನವರೆಗೆ ತೆಗೆಯಬಹುದು. ಬರುವ ಚಳಿಗಾಲಕ್ಕೆ ಡ್ರೈವ್‌ವೇಗೆ ಉಪ್ಪಿನ ಬದಲು ಮರಳು ತಂದಿಟ್ಟುಕೊಳ್ಳಿ, ಹಿಮವನ್ನು ಮರವಿಲ್ಲದ ಮಗ್ಗುಲಿಗೆ ತಳ್ಳಿ. ಲ್ಯಾಬಿನ ವರದಿ ಬಂದಾಗ ಪಿಎಚ್ ಮತ್ತು ಲವಣದ ಅಂಕಿಗಳನ್ನು ಬರೆದು ಕಳಿಸಿ, ಬುಡದ ಮಣ್ಣು ಸರಿಸಿ ತೆಗೆದ ಒಂದು ಫೋಟೋ ಜೊತೆಗಿರಲಿ.